ಬರಕ್ಕೆ ಬಗ್ಗದ ಹುಲ್ಲೆ

ಮುಧೋಳವೆಂದರೆ ಬೇಟೆನಾಯಿ, ಜಮಖಂಡಿಯೆಂದರೆ ಪಟವರ್ಧನರ ಅರಮನೆ, ರಬಕವಿ-ಬನಹಟ್ಟಿಯೆಂದರೆ ಮಗ್ಗ ಮತ್ತು ಸೀರೆ. ಬೀಳಗಿಯ ಹೆಸರೆತ್ತಿದರೆ ದೂರದ ಊರಿನವರಿಗೆ ಸುಲಭವಾಗಿ ಏನೂ ಹೊಳೆಯದು. ಆದರೆ ಬೀಳಗಿ ಮತ್ತು ಮುಧೋಳ ತಾಲ್ಲೂಕುಗಳಲ್ಲಿ, ಯಡಹಳ್ಳಿಯ ಸುತ್ತಣ ಕುರುಚಲು ಗುಡ್ಡಗಳಲ್ಲಿ, ಕರ್ನಾಟಕದಲ್ಲಿ ಬಲು ವಿರಳವಾದ ಪ್ರಾಣಿಯೊಂದು ಸದ್ದಿಲ್ಲದೆ ಬಾಳಿಕೊಂಡು ಬಂದಿದೆ. ಅದೇ ಚಿಂಕಾರ.

ನೋಡಲು ಆಡಿಗಿಂತ ತುಸು ಎತ್ತರ. ತೂಕ ಸುಮಾರು 20 ಕಿಲೋ. ಮೈಬಣ್ಣ ಒಣನೆಲದ್ದೇ, ನಿಂತಲ್ಲಿ ಅಲುಗದಿದ್ದರೆ ಕಣ್ಣಿಗೆ ಬೀಳುವುದೇ ಇಲ್ಲ. ಕೃಷ್ಣಮೃಗದಂತೆ ದೊಡ್ಡ ಹಿಂಡು ಕಟ್ಟುವ ಸ್ವಭಾವ ಇದರದಲ್ಲ. ಎರಡೋ ಮೂರೋ ಕೂಡಿ ಮೇಯುತ್ತವೆ. ಅಪಾಯ ಕಂಡರೆ ಮುಂಗಾಲನ್ನು ನೆಲಕ್ಕೆ ಬಡಿದು, ಸೀನಿದಂತೆ ಸದ್ದುಮಾಡಿ ಓಡುತ್ತದೆ. ಎಲೆಯ ರಸ, ಇಬ್ಬನಿ ಇಷ್ಟು ದೊರೆತರೆ ಬಹುಕಾಲ ನೀರಿನ ಹಂಗಿಲ್ಲದೆ ಇರಬಲ್ಲುದು. ಥಾರ್ ಮರುಭೂಮಿಯಲ್ಲಿಯೂ ನೆಲೆಸಿರುವ ಜಾತಿಗೆ ಬಾಗಲಕೋಟೆಯ ಬಿಸಿಲೊಂದು ಲೆಕ್ಕವೆ?

ಸರಕಾರ 2016ರಲ್ಲಿ ಇಲ್ಲಿನ 96 ಚದರ ಕಿಲೋಮೀಟರಿಗೆ ಮೇಲ್ಪಟ್ಟ ಪ್ರದೇಶವನ್ನು ಯಡಹಳ್ಳಿ ಚಿಂಕಾರ ವನ್ಯಧಾಮವೆಂದು ಸಾರಿತು. ಒಳ್ಳೆಯ ಕೆಲಸವೇ. ತೋಳ, ಕತ್ತೆಕಿರುಬಗಳಿಗೂ ಅದರಿಂದ ಆಸರೆಯಾಯಿತು. ಆದರೆ ಗುಡ್ಡವಿಳಿದರೆ ಕಾಣುವುದು ಕಬ್ಬು. ಘಟಪ್ರಭೆ, ಕೃಷ್ಣೆಯರ ನೀರು ಹರಿದಲ್ಲೆಲ್ಲ ಜೋಳದ ಹೊಲ ಕಬ್ಬಿನ ಗದ್ದೆಯಾಗಿದೆ. ಇದಕ್ಕೆ ರೈತನನ್ನು ದೂರುವಂತಿಲ್ಲ. ಜಮಖಂಡಿ ತಾಲ್ಲೂಕಿನ ಚಿಕ್ಕಪಡಸಲಗಿಯಲ್ಲಿ 1989ರಲ್ಲಿ ರೈತರೇ ಹಣ ಕೂಡಿಸಿ, ಬೆವರು ಸುರಿಸಿ ಕೃಷ್ಣೆಗೆ ಬ್ಯಾರೇಜು ಕಟ್ಟಿಕೊಂಡರೆಂದರೆ ನೀರಿನ ಬೆಲೆ ಅವರಿಗೆಷ್ಟು ತಿಳಿದಿತ್ತೆಂಬುದನ್ನು ಊಹಿಸಬಹುದು.

ಈಗ ಹವಾಮಾನದ ಮಾತು. 2019ರ ಬೇಸಗೆಯಲ್ಲಿ ಕೃಷ್ಣೆ ಬತ್ತಿ, ಕೊಯ್ನಾದಿಂದ ನೀರು ಬಿಡಿರೆಂದು ಮಹಾರಾಷ್ಟ್ರವನ್ನು ಕೇಳಬೇಕಾಯಿತು. ಅದೇ ಆಗಸ್ಟಿನಲ್ಲಿ ಜಮಖಂಡಿ, ಮುಧೋಳಗಳ ನದಿತೀರದ ಹಳ್ಳಿಗಳು ನೆರೆಯಲ್ಲಿ ಮುಳುಗಿದವು. ಭೂಮಿ ಕಾದಂತೆಲ್ಲ ಇಂಥ ಏರುಪೇರು ಹೆಚ್ಚುವುದೆಂಬುದು ವಿಜ್ಞಾನಿಗಳ ಎಣಿಕೆ.

ವಿಚಿತ್ರವೆಂದರೆ, ಈ ಬಿಸಿಲು ಬರಗಳನ್ನು ಚಿಂಕಾರ ಹೇಗೋ ತಡೆದೀತು. ಅವಕ್ಕೆ ಅಂಜಿ ಮನುಷ್ಯ ಮಾಡುವ ಏರ್ಪಾಡನ್ನು ತಡೆಯುವುದೇ ಕಷ್ಟ. ನೆರೆ ಬಂದರೆ ಜನ ಏರುನೆಲಕ್ಕೆ ಹೋಗಬೇಕು. ಬರ ಬಂದರೆ ದನ, ಕುರಿ ಗುಡ್ಡಕ್ಕೇ ಬರಬೇಕು. ಗಾಳಿಯಂತ್ರಕ್ಕೂ ಸೌರಫಲಕಕ್ಕೂ ಬೇಕಾದುದು ಇಂಥದೇ ಬಯಲು. ಇಂಗಾಲ ಹೀರಲೆಂದು ಗಿಡ ನೆಡುವವರೂ ಹುಡುಕುವುದು ‘ಪಾಳು’ ಎಂದು ದಾಖಲೆಯಲ್ಲಿ ಬರೆದಿಟ್ಟ ನೆಲವನ್ನೇ. ಹುಲ್ಲುಗಾವಲಿನಲ್ಲಿ ನೀಲಗಿರಿ, ಅಕೇಶಿಯಾ ನೆಟ್ಟು ಕಾಡು ಬೆಳೆಯಿತೆಂದು ಬೀಗುವುದು ಹಳೆಯ ಚಾಳಿ. ಬಯಲಲ್ಲಿ ಓಡಿ ಜೀವ ಉಳಿಸಿಕೊಳ್ಳುವ ಮೃಗಕ್ಕೆ ಆ ಹಸುರಿನಿಂದ ಏನು ಬಂತು!

ಇದರ ಮೇಲೆ ಆಲಮಟ್ಟಿಯ ಪ್ರಶ್ನೆಯಿದೆ. ಜಲಾಶಯದ ಮಟ್ಟವನ್ನು 519.6ರಿಂದ 524.256 ಮೀಟರಿಗೆ ಏರಿಸಲು ನ್ಯಾಯಮಂಡಳಿ 2010ರಲ್ಲಿ ಒಪ್ಪಿತು. ಏರಿಸಿದರೆ ಸುಮಾರು 75,000 ಎಕರೆ ಮುಳುಗುವುದು; ಬೀಳಗಿಯ ಜನ ಇನ್ನೊಮ್ಮೆ ಗಂಟುಮೂಟೆ ಕಟ್ಟಬೇಕಾಗುವುದು. ಮುಳುಗಿದವರಿಗೆ ಮನೆ, ಹೊಲ ಕೊಡಲೇಬೇಕು. ಅದರಲ್ಲಿ ಎರಡು ಮಾತಿಲ್ಲ. ಎಲ್ಲಿ ಕೊಡುವುದೆಂಬುದೇ ತೊಡಕು.

ಆದುದರಿಂದ ವನ್ಯಧಾಮದ ಗೆರೆಯೊಳಗಿನದನ್ನು ಮಾತ್ರ ಕಾದರೆ ಸಾಲದು. ಗೆರೆಯಾಚೆಯ ಗೋಮಾಳ, ಹಳ್ಳದ ದಂಡೆ, ಒಕ್ಕಲು ಕಾಣದ ಕಲ್ಲುಬೋರೆ ಇವುಗಳಲ್ಲಿ ಯಾವುವು ಒಂದು ಗುಡ್ಡದಿಂದ ಇನ್ನೊಂದಕ್ಕೆ ಚಿಂಕಾರ, ತೋಳಗಳ ದಾರಿಯಾಗಿವೆಯೆಂದು ನಾಲ್ಕೂ ತಾಲ್ಲೂಕುಗಳ ನಕಾಶೆಯಲ್ಲಿ ಮೊದಲು ಗುರುತಿಸಬೇಕು. ಪುನರ್ವಸತಿಯ ಜಾಗವನ್ನೂ ಗಿಡ ನೆಡುವ ಜಾಗವನ್ನೂ ಆರಿಸುವುದು ಆಮೇಲೆ. ಒಮ್ಮೆ ಕಲ್ಲು ನೆಟ್ಟು, ನಿವೇಶನ ಹಂಚಿಯಾದ ಬಳಿಕ ಆ ನಕಾಶೆಯನ್ನು ಬಿಡಿಸಿದರೆ, ಒಕ್ಕಲೆಬ್ಬಿಸಬೇಕಾಗಿ ಬರುವುದು ಹಿಂದೆ ಎರಡು ಸಲ ಒಕ್ಕಲೆದ್ದ ಅದೇ ಸಂಸಾರಗಳನ್ನು.