ಜೋತ ಬಾಗಿಲೂ ಓದಿದ ಕೈಯೂ

ಓದಿದವನಿಗೆ ಕೈಕೆಲಸವೇಕೆ ಎಂಬ ಪ್ರಶ್ನೆ ನಮ್ಮ ಸಮಾಜದಲ್ಲಿ ಬಹು ಹಳೆಯದು. ಪುಸ್ತಕ ಹಿಡಿದ ಕೈ ಸುತ್ತಿಗೆ ಹಿಡಿಯಬಾರದೆಂಬ ಭಾವನೆ ನಮ್ಮಲ್ಲಿ ಅನೇಕರಿಗೆ ಈಗಲೂ ಇದೆ. ಅದು ಸರಿಯಲ್ಲವೆಂಬುದು ನನ್ನ ಅಭಿಪ್ರಾಯ. ಇದಕ್ಕೆ ನಾನು ಕೊಡುವ ನಿದರ್ಶನ ದೊಡ್ಡದೇನಲ್ಲ. ಮನೆಯ ನುಸಿಜಾಲರಿಯ ಬಾಗಿಲು.

ಮಂಗಳೂರಿನಲ್ಲಿ ಈ ಬಾಗಿಲು ಅಲಂಕಾರದ ವಸ್ತುವಲ್ಲ. 1990ರ ದಶಕದಿಂದೀಚೆಗೆ ಕಟ್ಟಡಗಳೊಡನೆ ಮಲೇರಿಯವೂ ನಮ್ಮ ನಗರದಲ್ಲಿ ಬೆಳೆಯಿತು. ಈಚಿನ ವರ್ಷಗಳಲ್ಲಿ ಅದು ತಗ್ಗಿದೆಯಾದರೂ ತಾರಸಿಯ ತೊಟ್ಟಿ, ಬಾವಿ, ಕಟ್ಟಡದ ಕೆಲಸ ನಡೆಯುವಲ್ಲಿ ನಿಂತ ನೀರು ಇವೆಲ್ಲ ಇನ್ನೂ ಅನಾಫಿಲಿಸ್ ನುಸಿಯ ತೊಟ್ಟಿಲುಗಳೇ. 1897ರಲ್ಲಿ ರೊನಾಲ್ಡ್ ರಾಸ್ ಸಿಕಂದರಾಬಾದಿನಲ್ಲಿ ಈ ನುಸಿಯ ಹೊಟ್ಟೆಯೊಳಗೆ ಮಲೇರಿಯದ ರೋಗಾಣುವನ್ನು ಕಂಡರು. 1900ರಲ್ಲಿ ಲೋ ಮತ್ತು ಸಾಂಬನ್ ಎಂಬ ವೈದ್ಯರು ರೋಮ್ ಸಮೀಪದ ಜ್ವರಪೀಡಿತ ಬಯಲಿನಲ್ಲಿ, ಜಾಲರಿ ಹೊದಿಸಿದ ಗುಡಿಸಲಿನೊಳಗೆ ಸಂಜೆಗೇ ಸೇರಿಕೊಳ್ಳುತ್ತ, ಜ್ವರದ ಕಾಲವನ್ನೆಲ್ಲ ಆರೋಗ್ಯದಿಂದ ಕಳೆದರು. ಜಾಲರಿಯ ಮಹತ್ವ ಇಷ್ಟು. ಆದರೆ ಬಾಗಿಲು ಜೋತು ಒಂದು ಬೆರಳಿನ ಸಂದು ಬಿಟ್ಟಿತೆಂದರೆ ಜಾಲರಿ ಇದ್ದೂ ಇಲ್ಲದಂತೆ.

ಬಾಗಿಲು ಜೋಲುವುದೇಕೆ? ಅದರ ಭಾರವೆಲ್ಲ ಒಂದೇ ಪಕ್ಕದ ಬಿಜಾಗರಿಗಳ ಮೇಲೆ. ಮಳೆಗಾಲದಲ್ಲಿ ಮರ ಉಬ್ಬುತ್ತದೆ. ಕಡಲ ಗಾಳಿಗೆ ಕಬ್ಬಿಣದ ಸ್ಕ್ರೂ ತುಕ್ಕು ಹಿಡಿಯುತ್ತದೆ. ಮೇಲಿನ ಬಿಜಾಗರಿ ಸಡಿಲಿ, ಆಚೆ ತುದಿ ಹೊಸ್ತಿಲಿಗೆ ಉಜ್ಜುತ್ತದೆ. ಮೊದಲು ಸಡಿಲಿದ ತೂತಿಗೆ ಅಂಟು ಹಚ್ಚಿದ ಮರದ ಬೆಣೆ ಬಡಿದು, ಒಣಗಿದ ಮೇಲೆ ಹಿತ್ತಾಳೆಯ ಉದ್ದ ಸ್ಕ್ರೂ ಹಾಕಬೇಕು. ಬಳಿಕ ಬಾಗಿಲಿನ ಎರಡು ಕರ್ಣಗಳನ್ನೂ ಅಳೆಯಬೇಕು. ಅವು ಸಮವಿಲ್ಲದಿದ್ದರೆ ಚೌಕಟ್ಟೇ ಓರೆಯಾಗಿದೆ. ಆಗ ಅದನ್ನು ನೇರಕ್ಕೆ ತಂದು, ಬಿಜಾಗರಿಯ ಕಡೆಯ ಕೆಳಮೂಲೆಯಿಂದ ಎದುರಿನ ಮೇಲ್ಮೂಲೆಗೆ ಒಂದು ರೀಪನ್ನು ಓರೆಯಾಗಿ ಬಿಗಿಯಬೇಕು. ಆಯತ ವಾಲಬಹುದು, ತ್ರಿಭುಜ ವಾಲಲಾರದು. ಹೈಸ್ಕೂಲಿನಲ್ಲಿ ಅಂಕಕ್ಕಾಗಿ ಬಾಯಿಪಾಠ ಮಾಡಿದ ರೇಖಾಗಣಿತ ನನಗೆ ನಿಜವಾಗಿ ತಿಳಿದದ್ದು ಈ ರೀಪು ಬಿಗಿದ ದಿನ.

ಆದರೆ ನಾನು ಆ ಕೆಲಸಕ್ಕೆ ಕೈಹಾಕಿದಾಗ ತಾಯಿ ಬೀಡಿಯ ಸೂಪನ್ನು ಕೆಳಗಿಟ್ಟು, "ನಿನಗೆ ಯಾಕೆ ಮಗಾ ಇದೆಲ್ಲ? ಆಚಾರಿಯನ್ನು ಕರೆಯುವ" ಎಂದರು. ನಮ್ಮ ಮನೆತನದಲ್ಲಿ ಪದವಿ ತರಗತಿಯ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ಮಗನ ಕೈ ತನ್ನ ಕೈಯಂತೆ ಒರಟಾಗಬಾರದೆಂದೇ ಅವರು ಇಷ್ಟು ವರ್ಷ ಬೀಡಿ ಕಟ್ಟಿದ್ದು. ಆ ಮಾತಿನ ಹಿಂದಿನ ನೋವನ್ನು ನಾನು ಬಲ್ಲೆ, ಅದನ್ನು ಅಲ್ಲಗಳೆಯುವುದಿಲ್ಲ. ವಿಧಿಯಿಲ್ಲದೆ ದುಡಿಯುವುದು ಬೇರೆ, ತಿಳಿದು ದುಡಿಯುವುದು ಬೇರೆ. ವಿದ್ಯೆ ನನ್ನನ್ನು ಮೊದಲನೆಯದರಿಂದ ಬಿಡಿಸಲಿ; ಎರಡನೆಯದರಿಂದ ದೂರಮಾಡದಿರಲಿ. ತಾಯಿಯ ದುಡಿಮೆಯನ್ನು ಕೀಳೆಂದು ಕಾಣಲು ಕಲಿಸುವ ವಿದ್ಯೆ ಯಾರಿಗೆ ಬೇಕು?

ಹೀಗೆ ಎಲ್ಲರೂ ತಾವೇ ದುರಸ್ತಿಗಿಳಿದರೆ ಆಚಾರಿಯ ಹೊಟ್ಟೆಪಾಡೇನು ಎಂದು ಕೆಲವರು ಕೇಳಬಹುದು. ನಾಲ್ಕು ಸ್ಕ್ರೂ ಬಿಗಿಯಲು ಆಚಾರಿಗೆ ಪುರುಸೊತ್ತಿಲ್ಲ. ಕರೆದವರು ವಾರಗಟ್ಟಲೆ ಕಾಯಬೇಕು. ಅಷ್ಟು ದಿನ ನುಸಿ ಕಾಯುವುದಿಲ್ಲ. ಅದಲ್ಲದೆ ಒಂದು ಕೀಲನ್ನು ಸ್ವತಃ ಕೂಡಿಸಲು ಹೆಣಗಿದವನು ಆಚಾರಿಯ ಕೂಲಿಗಾಗಿ ಚೌಕಾಸಿ ಮಾಡಲಾರ.

1937ರಲ್ಲಿ ವಾರ್ಧಾದಲ್ಲಿ ಗಾಂಧೀಜಿಯವರು ಕಸುಬಿನ ಮೂಲಕ ಶಿಕ್ಷಣವೆಂಬ ವಿಚಾರವನ್ನು ದೇಶದ ಮುಂದಿಟ್ಟರು. ನಾವು ಆ ಕುರಿತು ಪರೀಕ್ಷೆಯಲ್ಲಿ ಪ್ರಬಂಧ ಬರೆಯುತ್ತೇವೆ. ತರಗತಿಯ ಮುರಿದ ಕಿಟಕಿಯನ್ನು ಮಾತ್ರ ಹಾಗೆಯೇ ಬಿಡುತ್ತೇವೆ! ಪ್ರತಿ ವರ್ಷ ಮಳೆಗೆ ಮುನ್ನ ರಾಷ್ಟ್ರೀಯ ಸೇವಾ ಯೋಜನೆಯ ಒಂದು ದಿನವನ್ನು ಕಾಲೇಜಿನ ಕದ-ಕಿಟಕಿಗಳ ದುರಸ್ತಿಗೂ ತೊಟ್ಟಿಗಳ ಮುಚ್ಚಳಕ್ಕೂ ಮೀಸಲಿಡಬೇಕೆಂದು ಅಧ್ಯಾಪಕವೃಂದದಲ್ಲಿ ನನ್ನ ವಿನಂತಿ. ಆಚಾರಿಯೊಬ್ಬರನ್ನು ಕೂಲಿ ಕೊಟ್ಟು ಕರೆಸಿ, ಆ ಒಂದು ದಿನ ಅವರೇ ನಮ್ಮ ಗುರುಗಳಾಗಲಿ.