ಕಾವಲು ಬೇಕಿರುವುದು ಕಾಲೇಜುಗಳಿಗೆ

ನರ್ಸಿಂಗ್ ಪರೀಕ್ಷೆ ಬರೆಯುವವರ ಮೇಲಿನ ಕಾವಲು ಬಿಗಿಯಾಗುತ್ತಲೇ ಇದೆ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಪ್ರಶ್ನೆಪತ್ರಿಕೆಗಳು ಈಗ ಆನ್‌ಲೈನ್‌ನಲ್ಲಿ ಕೇಂದ್ರಗಳನ್ನು ತಲುಪುತ್ತವೆ. ಉತ್ತರಪತ್ರಿಕೆಗಳ ಮೌಲ್ಯಮಾಪನ ಡಿಜಿಟಲ್ ಆಗಿದೆ. ಕೊಠಡಿಯಲ್ಲಿ ಸಿಸಿಟಿವಿ, ಬಾಗಿಲಲ್ಲಿ ತಪಾಸಣೆ, ಹೇಳದೆ ಕೇಳದೆ ಬರುವ ಸ್ಕ್ವಾಡ್, ಚೀಟಿ ಸಮೇತ ಸಿಕ್ಕಿಬಿದ್ದರೆ ಡಿಬಾರ್. ಈ ಬಿಗಿಯ ಬಗ್ಗೆ ನಮ್ಮ ತಕರಾರಿಲ್ಲ. ಅದು ಪರೀಕ್ಷಾ ಕೊಠಡಿಯ ಹೊಸ್ತಿಲು ದಾಟಿ ಕಾಲೇಜಿನೊಳಗೆ ಕಾಲಿಡದಿರುವುದೇ ನಮ್ಮ ತಕರಾರು.

ನರ್ಸಿಂಗ್‌ನಲ್ಲಿ ನಕಲು ಏಕೆ ಬೇರೆ ಕೋರ್ಸುಗಳ ನಕಲಿನಂತಲ್ಲ ಎಂಬುದಕ್ಕೆ ಇನ್ಸುಲಿನ್ ಸಿರಿಂಜು ಸಾಕು. ನಮ್ಮಲ್ಲಿ ಇನ್ಸುಲಿನ್ ಹೆಚ್ಚಾಗಿ ಎರಡು ಸಾಂದ್ರತೆಯಲ್ಲಿ ಸಿಗುತ್ತದೆ: ಮಿಲಿಲೀಟರಿಗೆ 40 ಯೂನಿಟ್ ಮತ್ತು 100 ಯೂನಿಟ್. ಮೊದಲನೆಯದರ ಸಿರಿಂಜಿಗೆ ಕೆಂಪು ಮುಚ್ಚಳ, ಎರಡನೆಯದಕ್ಕೆ ಕಿತ್ತಳೆ. 100 ಯೂನಿಟ್‌ನ ಔಷಧವನ್ನು ಕೆಂಪು ಮುಚ್ಚಳದ ಸಿರಿಂಜಿನಲ್ಲಿ 20ರ ಗೆರೆಯವರೆಗೆ ಎಳೆದರೆ ರೋಗಿಯ ಮೈಸೇರುವುದು 20 ಯೂನಿಟ್ ಅಲ್ಲ, 50. ಎರಡೂವರೆ ಪಟ್ಟು. ಸಕ್ಕರೆ ಪ್ರಮಾಣ ದಿಢೀರನೆ ಕುಸಿದು ರೋಗಿ ಬೆವರುತ್ತಾನೆ, ತೊದಲುತ್ತಾನೆ, ಪ್ರಜ್ಞೆ ತಪ್ಪುತ್ತಾನೆ. ರಾತ್ರಿಪಾಳಿಯಲ್ಲಿ ಹೀಗಾದರೆ ನಿದ್ದೆ ಮಾಡುತ್ತಿದ್ದಾನೆಂದೇ ಎಲ್ಲರೂ ಭಾವಿಸುವ ಅಪಾಯವೂ ಇದೆ. ಈ ಲೆಕ್ಕವನ್ನು ಚೀಟಿ ನೋಡಿ ಬರೆದು ಪಾಸಾದವರು ವಾರ್ಡಿನಲ್ಲಿ ಯಾವ ಚೀಟಿ ನೋಡಬೇಕು?

ಆದರೆ ಚೀಟಿ ಕೊನೆಯ ಹಂತ. ನಕಲು ಶುರುವಾಗುವುದು ಪ್ರವೇಶದ ದಿನವೇ. ‘ನಾನ್-ಅಟೆಂಡಿಂಗ್’ ಎಂಬ ಮಾತು ನರ್ಸಿಂಗ್ ಸೀಟು ಮಾರುವ ಏಜೆಂಟರ ಬಾಯಲ್ಲಿ ಸಲೀಸಾಗಿ ಓಡಾಡುತ್ತದೆ. ಫೀ ಕಟ್ಟಿ, ಊರಿಗೆ ಹೋಗಿ, ಪರೀಕ್ಷೆಗೆ ಬಂದರೆ ಸಾಕು. ಹಾಜರಿಯನ್ನು ಕಾಲೇಜು ‘ನೋಡಿಕೊಳ್ಳುತ್ತದೆ’. ಭಾರತೀಯ ನರ್ಸಿಂಗ್ ಪರಿಷತ್ತಿನ ನಿಯಮದಂತೆ ಪರೀಕ್ಷೆಗೆ ಕೂರಲು ಕನಿಷ್ಠ ಶೇ 80ರಷ್ಟು ಹಾಜರಿ ಬೇಕು, ಪದವಿ ಕೈಗೆ ಬರುವ ಮುನ್ನ ಆಸ್ಪತ್ರೆಯ ಪ್ರಾಯೋಗಿಕ ತರಬೇತಿ ಶೇ 100ರಷ್ಟು ಮುಗಿದಿರಬೇಕು. ಕಾಗದದ ಮೇಲೆ ಇವೆರಡೂ ತಪ್ಪದೆ ಪೂರ್ಣಗೊಂಡಿರುತ್ತವೆ.

ಹೇಗೆಂಬುದಕ್ಕೆ ಹೆರಿಗೆ ಕೇಸ್ ಬುಕ್ ನೋಡಿ. ಪ್ರತಿ ವಿದ್ಯಾರ್ಥಿ ನಿಗದಿತ ಸಂಖ್ಯೆಯ ಗರ್ಭಿಣಿಯರನ್ನು ಪರೀಕ್ಷಿಸಿ, ಹೆರಿಗೆಗಳನ್ನು ನೋಡಿ, ಮೇಲ್ವಿಚಾರಣೆಯಲ್ಲಿ ತಾನೇ ಮಾಡಿಸಿ, ಒಂದೊಂದರ ವಿವರವನ್ನೂ ದಾಖಲಿಸಬೇಕು. ವಿದ್ಯಾರ್ಥಿಗಳ ಸಂಖ್ಯೆಗೆ ತಕ್ಕಷ್ಟು ಹೆರಿಗೆಗಳೇ ಆಗದ ಆಸ್ಪತ್ರೆಗೆ ಅಂಟಿಕೊಂಡ ಕಾಲೇಜಿನಲ್ಲಿ ಇದು ಸಾಧ್ಯವಾಗುವುದೆಂತು? ಸೀನಿಯರ್‌ಗಳ ಹಳೇ ಪುಸ್ತಕ ಬರುತ್ತದೆ. ತಾಯಿಯ ಹೆಸರು ಬದಲಾಗುತ್ತದೆ, ಒಳರೋಗಿಯ ಐಪಿ ನಂಬರ್ ಬದಲಾಗುತ್ತದೆ, ಮಗುವಿನ ತೂಕ ನೂರಿನ್ನೂರು ಗ್ರಾಂ ಆಚೀಚೆಯಾಗುತ್ತದೆ. ಪರೀಕ್ಷೆಯ ಹಿಂದಿನ ವಾರ ರಾಶಿ ಪುಸ್ತಕಗಳಿಗೆ ಒಂದೇ ಪೆನ್ನಿನಲ್ಲಿ ಸಹಿ ಬೀಳುತ್ತದೆ. ಕ್ಷೇತ್ರದಲ್ಲಿರುವವರಿಗೆ ಇದು ಹೊಸ ಸುದ್ದಿಯೇನಲ್ಲ. ಹೀಗೆ ಅಧ್ಯಾಪಕರೆದುರೇ ಸುಳ್ಳು ಬರೆದು ಸಹಿ ಪಡೆದವರಿಗೆ ಪರೀಕ್ಷಾ ಕೊಠಡಿಯಲ್ಲಿ ಮಾತ್ರ ಪ್ರಾಮಾಣಿಕರಾಗಿರಿ ಎಂದು ಯಾವ ಮುಖದಿಂದ ಹೇಳುವುದು?

ಕಾಲೇಜನ್ನು ಕಾಯುವವರಿಲ್ಲದಿದ್ದರೆ ಏನಾಗುತ್ತದೆಂಬುದನ್ನು ಮಧ್ಯಪ್ರದೇಶ ತೋರಿಸಿಕೊಟ್ಟಿದೆ. ಅಲ್ಲಿನ ಹೈಕೋರ್ಟ್ ಆದೇಶದಂತೆ ಸಿಬಿಐ ಮುನ್ನೂರಕ್ಕೂ ಹೆಚ್ಚು ನರ್ಸಿಂಗ್ ಕಾಲೇಜುಗಳನ್ನು ಪರಿಶೀಲಿಸಿದಾಗ ಅರವತ್ತಕ್ಕೂ ಹೆಚ್ಚು ಕಾಲೇಜುಗಳು ನಡೆಯಲು ಯೋಗ್ಯವೇ ಅಲ್ಲ ಎಂಬ ವರದಿ ಬಂತು. ಹಗರಣ ಅಲ್ಲಿಗೆ ಮುಗಿಯಲಿಲ್ಲ. 2024ರ ಮೇ ತಿಂಗಳಲ್ಲಿ, ಕಾಲೇಜುಗಳ ಪರವಾಗಿ ವರದಿ ಕೊಡಲು ಲಂಚ ಪಡೆದ ಆರೋಪದ ಮೇಲೆ ಸಿಬಿಐ ತನ್ನದೇ ಇನ್‌ಸ್ಪೆಕ್ಟರ್‌ನನ್ನು ಬಂಧಿಸಬೇಕಾಯಿತು. ಬೇಲಿಯೇ ಎದ್ದು ಹೊಲ ಮೇಯ್ದಂತೆ ಎಂಬ ಗಾದೆಗೆ ಇದಕ್ಕಿಂತ ಬೇರೆ ಉದಾಹರಣೆ ಬೇಕಿಲ್ಲ. ಯೋಗ್ಯವೆಂದು ಮೊದಲು ವರದಿಯಾಗಿದ್ದ ಕಾಲೇಜುಗಳನ್ನೂ ಮತ್ತೆ ತಪಾಸಣೆ ಮಾಡಿಸಬೇಕಾಯಿತು. ನಡುವೆ ಪರೀಕ್ಷೆಗಳು ಮುಂದಕ್ಕೆ ಹೋಗಿ ಪ್ರಾಮಾಣಿಕವಾಗಿ ಓದಿದ ವಿದ್ಯಾರ್ಥಿಗಳೂ ಪರದಾಡಿದರು.

ಪರೀಕ್ಷೆಯೊಂದನ್ನೇ ಬಿಗಿ ಮಾಡಿದರೆ ಸಾಲದು ಎಂಬುದಕ್ಕೆ ಅಮೆರಿಕದಲ್ಲಿ ಪುರಾವೆಯಿದೆ. ಅಲ್ಲಿ ನರ್ಸ್ ಆಗಲು ಬರೆಯಬೇಕಾದ ಎನ್‌ಕ್ಲೆಕ್ಸ್ ಪರೀಕ್ಷೆಗೆ ಬೆಂಗಳೂರಿನಲ್ಲೂ ಕೇಂದ್ರವಿದೆ. ಅಂಗೈಯ ರಕ್ತನಾಳಗಳನ್ನು ಸ್ಕ್ಯಾನ್ ಮಾಡಿಯೇ ಅಭ್ಯರ್ಥಿಯನ್ನು ಒಳಬಿಡುತ್ತಾರೆ. ಅಷ್ಟಾದರೂ 2023ರ ಜನವರಿಯಲ್ಲಿ ಬಯಲಾದ ಫ್ಲಾರಿಡಾ ಹಗರಣದಲ್ಲಿ, ಮೂರು ನರ್ಸಿಂಗ್ ಶಾಲೆಗಳು ಮಾರಿದ್ದ ಸುಮಾರು 7,600 ನಕಲಿ ಡಿಪ್ಲೊಮಾಗಳನ್ನು ಹಿಡಿದವರ ಪೈಕಿ ಸುಮಾರು 2,400 ಮಂದಿ ಆ ಪರೀಕ್ಷೆಯನ್ನೂ ಪಾಸು ಮಾಡಿದ್ದರು. ಪ್ರಶ್ನೆಗೆ ಉತ್ತರ ಗೊತ್ತಿದ್ದ ಮಾತ್ರಕ್ಕೆ ವಾರ್ಡಿನಲ್ಲಿ ಕಳೆಯಬೇಕಿದ್ದ ತರಬೇತಿಯ ಗಂಟೆಗಳನ್ನು ಕಳೆದಂತಾಗುವುದಿಲ್ಲ.

ನಮ್ಮ ರಾಜ್ಯದ್ದೇ ಇನ್ನೊಂದು ಪಾಠವಿದೆ. 2024ರ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ವೆಬ್‌ಕಾಸ್ಟಿಂಗ್ ತಂದಾಗ, ಹಿಂದಿನ ವರ್ಷ ಶೇ 83.89 ಇದ್ದ ಫಲಿತಾಂಶ ಶೇ 73.40ಕ್ಕೆ ಕುಸಿಯಿತು, ಅದೂ ಕೃಪಾಂಕವನ್ನು ಶೇ 20ಕ್ಕೆ ಏರಿಸಿದ ಮೇಲೆ. ಕ್ಯಾಮೆರಾ ತೋರಿಸಿದ ಸತ್ಯವನ್ನು ಕೃಪಾಂಕ ಮುಚ್ಚಿತು. ಹತ್ತನೇ ತರಗತಿಯಲ್ಲಿ ಅದಕ್ಕೆ ಮಕ್ಕಳ ಭವಿಷ್ಯದ ನೆಪವಾದರೂ ಇದೆ. ಔಷಧದ ಪ್ರಮಾಣಕ್ಕೆ ಕೃಪಾಂಕವಿಲ್ಲ.

ಬಿಗಿಯ ಹೆಸರಿನಲ್ಲಿ ಹುಚ್ಚಾಟವೂ ಸಲ್ಲದು. 2019ರಲ್ಲಿ ಹಾವೇರಿಯ ಕಾಲೇಜೊಂದು ನಕಲು ತಡೆಯಲು ವಿದ್ಯಾರ್ಥಿಗಳ ತಲೆಗೆ ರಟ್ಟಿನ ಡಬ್ಬ ತೊಡಿಸಿ ದೇಶದೆದುರು ನಗೆಪಾಟಲಾಯಿತು. ನಾಳೆ ರೋಗಿಯ ಮಾನ ಕಾಯಬೇಕಾದವರನ್ನು ಇಂದು ಮಾನ ಕಳೆದು ತಪಾಸಣೆ ಮಾಡುವುದು ಯಾವ ಶಿಕ್ಷಣ?

ಆಗಬೇಕಾದುದು ಸ್ಪಷ್ಟವಿದೆ. ಹಾಜರಿ ಕಾಲೇಜಿನ ರಿಜಿಸ್ಟರಿನಲ್ಲಲ್ಲ, ಆಸ್ಪತ್ರೆಯ ವಾರ್ಡಿನಲ್ಲಿ ಬಯೋಮೆಟ್ರಿಕ್ ಮೂಲಕ ದಾಖಲಾಗಲಿ. ಕೇಸ್ ಬುಕ್ಕಿನ ಐಪಿ ನಂಬರುಗಳನ್ನು ಆಸ್ಪತ್ರೆಯ ಹೆರಿಗೆ ರಿಜಿಸ್ಟರಿನೊಂದಿಗೆ ತಾಳೆ ನೋಡಲಿ. ಇದಕ್ಕೆ ಹೊಸ ತಂತ್ರಜ್ಞಾನ ಬೇಡ, ಮನಸ್ಸು ಬೇಕು. ಥಿಯರಿ ಪರೀಕ್ಷೆಗಿರುವ ಕ್ಯಾಮೆರಾ ಪ್ರಾಕ್ಟಿಕಲ್ ಮತ್ತು ವೈವಾ ಕೊಠಡಿಗೂ ಬರಲಿ, ಹೊರಗಿನ ಪರೀಕ್ಷಕರ ನೇಮಕ ಲಾಟರಿ ಮೂಲಕ ಆಗಲಿ. ಸಾಮೂಹಿಕ ನಕಲು ಸಿಕ್ಕ ಕಾಲೇಜಿನ ಹೆಸರು ಪ್ರಕಟವಾಗಲಿ, ಮರುವರ್ಷದ ಪ್ರವೇಶ ನಿಲ್ಲಲಿ. ಸಂಸತ್ತು 2023ರಲ್ಲಿ ಒಪ್ಪಿದ ರಾಷ್ಟ್ರೀಯ ನರ್ಸಿಂಗ್ ಆಯೋಗದ ಕಾಯ್ದೆಯಲ್ಲಿ ಕಾಲೇಜುಗಳನ್ನು ಅಳೆಯಲೆಂದೇ ಮೌಲ್ಯಮಾಪನ ಮಂಡಳಿಗೆ ಅವಕಾಶವಿದೆ. ಅದು ಹಲ್ಲಿರುವ ಮಂಡಳಿಯಾಗಲಿ.

ರಾಜ್ಯದ ಹಲವು ನರ್ಸಿಂಗ್ ಕಾಲೇಜುಗಳ ಹಿಂದೆ ಇರುವವರು ಯಾರು, ಅವರಿಗೆ ವಿಧಾನಸೌಧದಲ್ಲಿ ಎಷ್ಟು ಸಲುಗೆ ಎಂಬುದು ಗುಟ್ಟಲ್ಲ. ಹತ್ತೊಂಬತ್ತರ ಹುಡುಗಿಯ ಜೇಬು ತಡಕುವುದು ಸುಲಭ, ಮಾಲೀಕನ ಕಡತ ತಡಕುವುದು ಕಷ್ಟ. ಸರ್ಕಾರ ಮತ್ತು ವಿಶ್ವವಿದ್ಯಾಲಯ ಆ ಕಷ್ಟದ ಕೆಲಸಕ್ಕೆ ಕೈಹಾಕುವ ತನಕ, ಪರೀಕ್ಷಾ ಬಿಗಿಯ ಬಗೆಗಿನ ಅವರ ಹೇಳಿಕೆಗಳನ್ನು ಜನ ನಂಬಬೇಕಾಗಿಲ್ಲ.