ಮಷಿನ್ ಎತ್ತುವವರು ಯಾರು?

ಆಫೀಸ್ ಮೀಟಿಂಗ್ ನಡುವೆ ಅಮ್ಮನ ಫೋನ್ ಬಂದರೆ ಸಾಮಾನ್ಯವಾಗಿ ಕಟ್ ಮಾಡಿ, 'ಆಮೇಲೆ ಮಾಡ್ತೀನಿ' ಅಂತ ಮೆಸೇಜ್ ಹಾಕ್ತೀನಿ. ಅವತ್ತು ಯಾಕೋ ಎತ್ತಿದೆ. "ಪಂಪ್‌ಹೌಸ್ ದಾರೀಲಿ ಕೊಳಕುಮಂಡಲ ಮಲಗಿತ್ತು ಕಣೇ. ಹುಲ್ಲಲ್ಲಿ ಕಾಣ್ಲೇ ಇಲ್ಲ. ಇನ್ನೊಂದು ಹೆಜ್ಜೆ ಇಟ್ಟಿದ್ರೆ ಆಗೋಗ್ತಿತ್ತು" ಅಂದಳು. ಆಮೇಲೆ ಮೀಟಿಂಗಿನಲ್ಲಿ ಯಾರು ಏನು ಮಾತಾಡಿದರೋ ನನಗೆ ನೆನಪಿಲ್ಲ.

ನಮ್ಮ ತೋಟ ಇರೋದು ಅಜ್ಜಂಪುರದ ಹತ್ತಿರ. ಎರಡು ಎಕರೆ ಅಡಿಕೆ, ಬದುವಿನ ಮೇಲೆ ತೆಂಗು. ಅಪ್ಪ ಇರೋವರೆಗೆ ಅಲ್ಲಿ ಮೊಣಕಾಲುದ್ದ ಹುಲ್ಲು ಬೆಳೆದದ್ದನ್ನು ನಾನು ನೋಡಿರಲಿಲ್ಲ. ಅಪ್ಪ ಹೋಗಿ ಎರಡು ಮಳೆಗಾಲ ಆಯ್ತು. ಅಜ್ಜಂಪುರ ಅಂದರೆ ಜನಕ್ಕೆ ಈಗಲೂ ಅಮೃತಮಹಲ್ ದನ ನೆನಪಾಗುತ್ತೆ, ಅದರ ತಳಿ ಸಂವರ್ಧನಾ ಕೇಂದ್ರ ಇರೋದೇ ಇಲ್ಲಿ. ಆದರೆ ನಮ್ಮ ಕೊಟ್ಟಿಗೆ ಖಾಲಿ. ಮೊದಲು ಹಸುಗಳು ಮೇಯ್ತಿದ್ದ ಹುಲ್ಲು ಈಗ ಯಾರಿಗೂ ಬೇಡ. ಆಳು ಸಿಕ್ಕೋದು ಕಷ್ಟ, ಸಿಕ್ಕಿದ್ರೂ ಅವರ ಬಿಡುವಿಗೆ ನಾವು ಕಾಯಬೇಕು.

'ಮೋಟಾರಿಗೆ ಮೊಬೈಲ್ ಸ್ಟಾರ್ಟರ್ ಹಾಕಿಸಿ' ಅಂತ ನೀವು ಹೇಳಬಹುದು. ಹಾಕಿಸಿದ್ದೀವಿ. ಗೇಟ್ ವಾಲ್ವ್ ತಿರುಗಿಸೋಕೆ ಮಾತ್ರ ಕಾಲಲ್ಲೇ ಹೋಗಬೇಕು. ಕರೆಂಟ್ ಬೆಳಗಿನ ಜಾವ ಬಂದ್ರೆ ಬೆಳಗಿನ ಜಾವವೇ.

ಹಾವು ಕಚ್ಚಿದ ಪ್ರಕರಣಗಳನ್ನು ಆಸ್ಪತ್ರೆಗಳು ಕಡ್ಡಾಯವಾಗಿ ಸರ್ಕಾರಕ್ಕೆ ವರದಿ ಮಾಡಬೇಕು ಅಂತ ಕರ್ನಾಟಕದಲ್ಲಿ 2024ರಲ್ಲಿ ಆದೇಶವಾಯ್ತು. ಅಷ್ಟು ಗಂಭೀರ ವಿಷಯ ಇದು. ಹಾಗಾಗಿ ಕಳೆ ಹೊಡೆಯೋದು ನಮ್ಮನೆಗೆ ಬರೀ ತೋಟದ ಅಂದಚೆಂದದ ಪ್ರಶ್ನೆ ಆಗಿರಲಿಲ್ಲ.

ನಾನು ಮಾಡಿದ ತಪ್ಪು

ಅವತ್ತು ರಾತ್ರಿಯೇ ಆನ್‌ಲೈನ್‌ನಲ್ಲಿ ಪೆಟ್ರೋಲ್ ಬ್ರಷ್ ಕಟ್ಟರ್ ಆರ್ಡರ್ ಮಾಡಿದೆ. 52 ಸಿಸಿ, ಟೂ ಸ್ಟ್ರೋಕ್, ಬೆನ್ನಿಗೆ ಹಾಕಿಕೊಳ್ಳೋದು, ಜೊತೆಗೆ ನಾಲ್ಕೈದು ಥರದ ಬ್ಲೇಡ್. ಸಿಸಿ ಜಾಸ್ತಿ ಇದೆ, ರೇಟ್ ಕಮ್ಮಿ ಇದೆ, ಇನ್ನೇನು ಬೇಕು ಅನ್ನಿಸಿತು.

ಮೂರು ತಿಂಗಳು ಬಿಟ್ಟು ಊರಿಗೆ ಹೋದೆ. ಮಷಿನ್ ಕೊಟ್ಟಿಗೆಯಲ್ಲಿ ಗೋಣಿಚೀಲ ಹೊದ್ದು ಮಲಗಿತ್ತು. ಹುಲ್ಲು ಸೊಂಟದವರೆಗೆ ಬಂದಿತ್ತು. "ಹಗ್ಗ ಎಳೆದೂ ಎಳೆದೂ ತೋಳು ಬಿದ್ದೋಯ್ತು. ಪಕ್ಕದ ಮನೆ ಹುಡುಗ ಸ್ಟಾರ್ಟ್ ಮಾಡಿಕೊಟ್ಟ. ಬೆನ್ನಿಗೆ ಹಾಕ್ಕೊಂಡ್ರೆ ನನ್ನ ಕೈಲಿ ಏಳೋಕೇ ಆಗ್ಲಿಲ್ಲ. ನೀನು ದುಡ್ಡು ಕೊಟ್ಟು ತಗೊಂಡಿದ್ದೀಯ, ಹೇಗೆ ಹೇಳ್ಲಿ?" ಅಂದಳು ಅಮ್ಮ.

ನಾನು ಎಂಜಿನ್ ನೋಡಿದ್ದೆ, ಬ್ಲೇಡ್ ನೋಡಿದ್ದೆ. ಅದನ್ನು ಎತ್ತಬೇಕಾದ 58 ವರ್ಷದ ಹೆಂಗಸನ್ನು ಒಂದು ಮಾತೂ ಕೇಳಿರಲಿಲ್ಲ. ಅವಳು ಆ ಮೂರು ತಿಂಗಳೂ ಅದೇ ದಾರಿಯಲ್ಲಿ ಬ್ಯಾಟರಿ ಹಿಡಿದು ಓಡಾಡಿದ್ದಳು.

ಎರಡನೇ ಸಲ

ಈ ಸಲ ಅಮ್ಮನನ್ನು ಕರೆದುಕೊಂಡೇ ಅಂಗಡಿಗೆ ಹೋದೆ. ಅಂಗಡಿಯವರು ಮೊದಲು ನನಗೆ ವಿವರಿಸೋಕೆ ಶುರು ಮಾಡಿದರು. "ಮಷಿನ್ ಹಿಡಿಯೋದು ಇವರು" ಅಂದಾಗ ಅಮ್ಮನ ಕಡೆ ತಿರುಗಿ, "ಹಂಗಾದ್ರೆ ಮೊದಲು ಹೆಗಲಿಗೆ ಹಾಕ್ಕಂಡು ನೋಡಿ ತಾಯಿ" ಅಂದರು. ಅಲ್ಲಿ ಕಲಿತದ್ದು, ಆಮೇಲೆ ಬಳಸುತ್ತಾ ಕಲಿತದ್ದು ಇಷ್ಟು:

ತೂಕ. ಪಕ್ಕಕ್ಕೆ ನೇತುಹಾಕಿಕೊಳ್ಳೋ ಮಷಿನ್‌ಗಳು ಸುಮಾರು ಏಳೆಂಟು ಕೆಜಿ. ಬೆನ್ನಿಗೆ ಹಾಕಿಕೊಳ್ಳೋವು ಸಾಮಾನ್ಯವಾಗಿ ಅದಕ್ಕಿಂತ ಭಾರ. ಇಳಿಜಾರು, ಬದು ಜಾಸ್ತಿ ಇದ್ದು ಹಿಡಿಯೋರು ಗಟ್ಟಿಯಾಗಿದ್ದರೆ ಬೆನ್ನಿನದ್ದು ಅನುಕೂಲ. ಸಮತಟ್ಟಾದ ತೋಟಕ್ಕೆ ಎರಡೂ ಭುಜಕ್ಕೆ ಬರುವ ಬೆಲ್ಟ್ ಇರೋ ಪಕ್ಕದ ಮಷಿನ್ ಸಾಕು. ಅಂಗಡಿಯಲ್ಲೇ ಸ್ಟಾರ್ಟ್ ಮಾಡಿಸಿ ನೋಡಿ, ಆದರೆ ಹಗ್ಗ ಎಳೆಯೋದು ಮಷಿನ್ ಹಿಡಿಯೋರೇ ಆಗಿರಲಿ.

ಎಂಜಿನ್. ಟೂ ಸ್ಟ್ರೋಕ್‌ಗೆ ಪೆಟ್ರೋಲ್ ಜೊತೆ 2ಟಿ ಆಯಿಲ್ ಬೆರೆಸಬೇಕು. 50:1 ಅಂತ ಬರೆದಿದ್ದರೆ ಲೀಟರಿಗೆ 20 ಎಂಎಲ್, 25:1 ಇದ್ದರೆ 40 ಎಂಎಲ್. ಆಯಿಲ್ ಮರೆತು ಬರೀ ಪೆಟ್ರೋಲ್ ಹಾಕಿದರೆ ಎಂಜಿನ್ ಸೀಜ್ ಆಗುತ್ತೆ. ಫೋರ್ ಸ್ಟ್ರೋಕ್‌ಗೆ ಬೆರೆಸೋ ಗೋಜಿಲ್ಲ, ಸ್ಕೂಟರ್ ಥರ ಎಂಜಿನ್ ಆಯಿಲ್ ಬೇರೆ ಇರುತ್ತೆ. ಸದ್ದೂ ಹೊಗೆಯೂ ಕಮ್ಮಿ, ರೇಟ್ ಜಾಸ್ತಿ. ನಾವು 35 ಸಿಸಿ ಆಸುಪಾಸಿನ ಫೋರ್ ಸ್ಟ್ರೋಕ್ ತಗೊಂಡೆವು. ಹುಲ್ಲಿಗೆ ಅದು ಧಾರಾಳ ಸಾಕು.

ಬ್ಲೇಡೋ ದಾರವೋ? ಎಳೆ ಹುಲ್ಲಿಗೆ, ಮರದ ಬುಡದ ಹತ್ತಿರಕ್ಕೆ ನೈಲಾನ್ ದಾರ. ಬಲಿತ ಹುಲ್ಲು, ಪೊದೆಗೆ ಮೂರು ಹಲ್ಲಿನ ಬ್ಲೇಡ್. ಲಂಟಾನದಂಥ ಗಟ್ಟಿ ಕಾಂಡಕ್ಕೆ ಗರಗಸದ ಹಲ್ಲಿನ ವೃತ್ತಾಕಾರದ ಬ್ಲೇಡ್. ಎಳೆ ಅಡಿಕೆ ಸಸಿಯ ಬುಡಕ್ಕೆ ದಾರ ತಾಗಿದರೂ ಗಾಯವಾಗುತ್ತೆ, ಹಾಗಾಗಿ ಸಸಿ ಸುತ್ತ ಒಂದು ಮೊಳ ಜಾಗ ಕೈಯಲ್ಲೇ ಕೀಳೋದು ಒಳ್ಳೇದು. ಇನ್ನೊಂದು ಮಾತು: ಹುಲ್ಲೊಳಗೆ ಮುಚ್ಚಿಹೋದ ಡ್ರಿಪ್ ಪೈಪು! ಮೊದಲ ದಿನವೇ ನಾವು ಎರಡು ಕಡೆ ಕತ್ತರಿಸಿದೆವು. ಈಗ ಪೈಪನ್ನು ಮರದ ಬುಡಕ್ಕೆ ಎಳೆದು ಹಾಕಿ ಆಮೇಲೆ ಶುರು ಮಾಡ್ತೀವಿ.

ಕಾಂಗ್ರೆಸ್ ಗಿಡ. ಇದನ್ನು ಹೂ ಬಿಡೋ ಮುಂಚೆ ಹೊಡೀಬೇಕು. ಹೂ ಬಿಟ್ಟ ಮೇಲೆ ಹೊಡೆದರೆ ಬೀಜ ನಾವೇ ಬಿತ್ತಿದಂಗೆ. ಪರಾಗ ಮೂಗಿಗೆ ಹೋಗಿ ಅಲರ್ಜಿ, ಉಬ್ಬಸ. ಮೈಗೆ ತಾಗಿದರೆ ತುರಿಕೆ. ಮೇಲಿಂದ ಕತ್ತರಿಸಿದರೆ ಬುಡದಿಂದ ಮತ್ತೆ ಚಿಗುರುತ್ತೆ. ಮಳೆ ಬಿದ್ದು ನೆಲ ಮೆತ್ತಗಿದ್ದಾಗ ಗ್ಲೌಸ್ ಹಾಕಿಕೊಂಡು ಬೇರು ಸಮೇತ ಕೀಳೋದೇ ವಾಸಿ. ಎಲ್ಲ ಕೆಲಸವನ್ನೂ ಮಷಿನ್ ಮಾಡಲ್ಲ.

ಮೈಮೇಲೆ. ಕನ್ನಡಕ, ಗಮ್‌ಬೂಟು, ದಪ್ಪ ಪ್ಯಾಂಟು, ಕಿವಿಗೆ ಮಫ್, ಮೂಗಿಗೆ ಮಾಸ್ಕ್. ಬ್ಲೇಡಿಗೆ ಸಿಕ್ಕ ಕಲ್ಲು ಗುಂಡಿನ ಥರ ಹಾರುತ್ತೆ. ಸುತ್ತ 15 ಮೀಟರ್ ಒಳಗೆ ಮಕ್ಕಳೂ ನಾಯಿಯೂ ಇರಬಾರದು. ಅಮ್ಮ ಸೀರೆ ಮೇಲೆ ಅಪ್ಪನ ಹಳೇ ಶರ್ಟ್ ಹಾಕಿಕೊಂಡು ಹೊರಟಿದ್ದಳು. ಸೆರಗು ಸುತ್ತಿಕೊಂಡರೆ ಏನು ಗತಿ ಅಂತ ಜಗಳ ಮಾಡಿ ಅಪ್ಪನ ಪ್ಯಾಂಟನ್ನೂ ಹಾಕಿಸಿದೆ. "ಯಾರಾದ್ರೂ ನೋಡಿದ್ರೆ?" ಅಂದಳು. "ನೋಡ್ಲಿ ಬಿಡಮ್ಮ" ಅಂದೆ.

ಕೆಲಸ ಮುಗಿದ ಮೇಲೆ. ಎಂಜಿನ್ ಆರಿದ ಮೇಲೆಯೇ ಪೆಟ್ರೋಲ್ ಹಾಕಿ. ಏರ್ ಫಿಲ್ಟರ್ ಒರೆಸಿಡಿ. ಗೇರ್‌ಬಾಕ್ಸಿಗೆ ಆಗಾಗ ಗ್ರೀಸ್ ಬೇಕು. ತಿಂಗಳುಗಟ್ಟಲೆ ಬಳಸದಿದ್ದರೆ ಟ್ಯಾಂಕ್ ಖಾಲಿ ಮಾಡಿ, ಎಂಜಿನ್ ತಾನಾಗೇ ಆರೋವರೆಗೆ ಓಡಿಸಿಡಿ. ಈಗಿನ ಪೆಟ್ರೋಲ್‌ನಲ್ಲಿ ಎಥನಾಲ್ ಇರೋದರಿಂದ ತೇವ ಎಳೆದುಕೊಳ್ಳುತ್ತೆ, ಕಾರ್ಬೊರೇಟರ್ ಕಟ್ಟಿಕೊಳ್ಳುತ್ತೆ.

ದುಡ್ಡಿನ ವಿಷಯ

ಕೊಳ್ಳೋ ಮುಂಚೆ ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ ಬನ್ನಿ. ಕೃಷಿ ಯಾಂತ್ರೀಕರಣ ಯೋಜನೆಯಲ್ಲಿ ಸಾಮಾನ್ಯ ವರ್ಗದ ರೈತರಿಗೆ ಶೇ. 50, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಶೇ. 90ರವರೆಗೆ ಸಹಾಯಧನ ಉಂಟು. ಮೊದಲೇ ಕೊಂಡು ಬಿಲ್ ಹಿಡಿದು ಹೋದರೆ ಪ್ರಯೋಜನವಿಲ್ಲ. ಪಹಣಿಯೂ ಫ್ರೂಟ್ಸ್ ಐಡಿಯೂ ಅರ್ಜಿ ಹಾಕೋರ ಹೆಸರಲ್ಲಿರಬೇಕು. ನಮ್ಮ ಪಹಣಿ ಇನ್ನೂ ಅಪ್ಪನ ಹೆಸರಲ್ಲೇ ಇತ್ತು. ಎರಡು ವರ್ಷ 'ಮಾಡಿಸೋಣ' ಅಂದುಕೊಂಡೇ ಇದ್ದದ್ದು. ಈ ನೆಪದಲ್ಲಾದರೂ ಪೌತಿ ಖಾತೆಗೆ ಅರ್ಜಿ ಹಾಕಿದೆವು. ವರ್ಷಕ್ಕೆ ಎರಡೇ ಸಲ ಕಳೆ ಹೊಡೆಸೋರು ಕೊಳ್ಳೋದೇ ಬೇಡ. ಹೋಬಳಿಯ ಕೃಷಿ ಯಂತ್ರಧಾರೆ ಕೇಂದ್ರದಲ್ಲಿ ಬಾಡಿಗೆಗೆ ಸಿಗುತ್ತಾ ಅಂತ ಕೇಳಿ ನೋಡಿ.

ಹೊಸ ಮಷಿನ್ ಬಂದ ದಿನ ನಾನು ಇಡೀ ತೋಟ ಒಂದೇ ವಾರದಲ್ಲಿ ಮುಗಿಸೋ ಪ್ಲಾನ್ ಹಾಕಿದ್ದೆ. ಅಮ್ಮ ಕೇಳಲಿಲ್ಲ. ಮೊದಲು ಮನೆಯಿಂದ ಪಂಪ್‌ಹೌಸ್‌ವರೆಗಿನ ದಾರಿ, ಎರಡೂ ಕಡೆ ಒಂದೊಂದು ಮಾರು. ಇಪ್ಪತ್ತು ನಿಮಿಷ ಹೊಡೆಯೋದು, ಕೂತು ನೀರು ಕುಡಿಯೋದು, ಮತ್ತೆ ಹೊಡೆಯೋದು. ಶುರು ಮಾಡೋ ಮುಂಚೆ ಕೋಲಿಂದ ಹುಲ್ಲು ಬಡಿದು ಸದ್ದು ಮಾಡ್ತಿದ್ದಳು. ಕತ್ತರಿಸಿದ ಹುಲ್ಲನ್ನು ಆಮೇಲೆ ಅಡಿಕೆ ಬುಡಕ್ಕೆ ಮುಚ್ಚಿದೆವು. ಅಡಿಕೆ ಬೇರು ಮೇಲೇ ಇರೋದರಿಂದ ಉಳುಮೆಗಿಂತ ಇದೇ ಒಳ್ಳೇದು, ತೇವವೂ ಉಳಿಯುತ್ತೆ.

ತೋಟ ಇನ್ನೂ ಅರ್ಧ ಬಾಕಿ ಇದೆ. ಆದರೆ ದಾರಿ ಕಾಣುತ್ತೆ. ಬೆಳಗಿನ ಜಾವದ ಕರೆಂಟಿಗೆ ಅಮ್ಮ ಎದ್ದು ಹೋದಳು ಅಂದರೆ ಈಗ ನನಗೆ ಅಷ್ಟು ಭಯ ಆಗಲ್ಲ.

ನೀವೂ ಊರಿನ ತೋಟಕ್ಕೆ ಇಂಥದ್ದೊಂದು ಕೊಳ್ಳೋ ಯೋಚನೆಯಲ್ಲಿದ್ದರೆ, ಕಾರ್ಟ್‌ಗೆ ಹಾಕೋ ಮುಂಚೆ ಅದನ್ನು ಹಿಡಿಯೋರಿಗೆ ಒಂದು ಫೋನ್ ಮಾಡಿ. ಅಮ್ಮ ಫೋನ್ ಮಾಡಿದಾಗ ಎತ್ತಿದರೂ ಆಯ್ತು.